ಸೊಂಟದ ಮೇಸ್ತ್ರಿ ಮತ್ತು ಎರಡು ಸೀಟಿನ ಕಾರು

ಆ ಬೀದಿಯಲ್ಲಿ ಮೂರು ಗ್ಯಾರೇಜುಗಳಿದ್ದವು. ಒಂದರಲ್ಲಿ ಕಂಪ್ಯೂಟರ್ ಇತ್ತು, ಇನ್ನೊಂದರಲ್ಲಿ ಕಾಯುವವರಿಗೆ ಮೆತ್ತನೆಯ ಸೋಫಾ ಇತ್ತು, ಮೂರನೆಯದರಲ್ಲಿ ಸೊಂಟ ಇತ್ತು. ಆ ಮೂರನೆಯ ಗ್ಯಾರೇಜಿನ ಮೇಸ್ತ್ರಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ಬೇಕರಿ ಮುಂದಿನ ಕಿತ್ತುಹೋದ ರಸ್ತೆಯಲ್ಲಿ ಒಂದು ಸಲ ಹೋಗಿ ಬಂದು, ಇಳಿದು ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಡುತ್ತಿದ್ದ. ಹಿಂದಿನ ಎಡಗಡೆ ರಬ್ಬರ್ ಹರಿದಿದೆ ಅಂದರೆ ಹರಿದೇ ಇರುತ್ತಿತ್ತು. ಕಂಪ್ಯೂಟರ್ ಗ್ಯಾರೇಜಿನವನು ಕೂಡ ತನಗೆ ಬಗ್ಗದ ಕಾರುಗಳನ್ನು ಗುಟ್ಟಾಗಿ ಇವನ ಹತ್ತಿರ ಕಳಿಸುತ್ತಿದ್ದ. ಹೀಗಾಗಿ ಊರಿಗೆಲ್ಲ ಇವನು ಸೊಂಟದ ಮೇಸ್ತ್ರಿ. ಕೇಳಿದವರಿಗೆ ನಗು ಬಂದರೂ ಅವನ ಪಾಲಿಗೆ ಅದು ಬಿರುದು.

ಗ್ಯಾರೇಜಿನ ಮುಂದಿನ ಅರ್ಧ ಅವನ ಹೆಂಡತಿಯದು. ಅಲ್ಲಿ ಅವಳ ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿಗಳು, ಮಾಡು ಮುಟ್ಟುವಷ್ಟು ಫೋಮು. ಕಾರಿನ ಸೀಟುಗಳಿಗೆ ಕವರ್ ಹೊಲಿಯುವುದು ಅವಳ ಕೆಲಸ. ಸೀಟು ತಗ್ಗಿದ ರೀತಿ ನೋಡಿಯೇ ಕೂರುವವರು ಯಾವ ಮಗ್ಗುಲಿಗೆ ವಾಲುತ್ತಾರೆ, ಎಷ್ಟು ಭಾರವಿದ್ದಾರೆ ಎಂದು ಹೇಳಬಲ್ಲ ಹೆಂಗಸು. ಆದರೆ ಅವಳಿಗೆ ಯಾರೂ ಬಿರುದು ಕೊಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ.

ಎರಡು ವರ್ಷದ ಹಿಂದೆ ಒಂದು ಗೇರ್ ಬಾಕ್ಸನ್ನು ಒಬ್ಬನೇ ಎತ್ತುತ್ತೇನೆಂದು ಹೋಗಿ ಮೇಸ್ತ್ರಿ ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟ. ಹೆಂಡತಿ ದಪ್ಪ ಕ್ಯಾನ್ವಾಸ್ ಕತ್ತರಿಸಿ, ಒಳಗೆ ಫೋಮ್ ತುಂಬಿ, ಹಳೆಯ ಸೀಟ್ ಬೆಲ್ಟಿನ ಪಟ್ಟಿ ಜೋಡಿಸಿ ಅಂಗೈಯಗಲದ ನಡುಪಟ್ಟಿ ಹೊಲಿದುಕೊಟ್ಟಳು. ಅದನ್ನು ಅಂಗಿಯೊಳಗೆ ಬಿಗಿದುಕೊಂಡ ಮೇಲೆ ಅವನು ನೆಟ್ಟಗಾದ. ಯಾರಿಗೂ ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡ. ಸೊಂಟದ ಮೇಸ್ತ್ರಿಗೇ ಸೊಂಟ ನೋವಂತೆ ಎಂದು ಊರು ನಗದೆ ಬಿಟ್ಟೀತೆ? ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಎರಡು ವರ್ಷ ಅದೇ ಪಟ್ಟಿ ಕಟ್ಟಿಕೊಂಡು ಕಾರುಗಳಲ್ಲಿ ಕೂತು ತೀರ್ಪು ಕೊಡುತ್ತ ಬಂದ.

ಅವನಿಗೆ ಎಲ್ಲ ಕಾರುಗಳೂ ಗಿರಾಕಿಗಳವು, ಒಂದು ಮಾತ್ರ ತನ್ನದು. ಕಾಗದದಲ್ಲಿ ಅದು ಹಲ್ಲಿನ ಡಾಕ್ಟರದಾಗಿತ್ತು, ಅಷ್ಟೇ. ಮೂವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡ ಹಾಗೆ ತಗ್ಗು, ಬಣ್ಣ ಕೆಂಪು, ಸೀಟು ಎರಡೇ. ಮನೆಗೆ ಹೆಂಡತಿಯ ಅಕ್ಕ ಬಂದರೆ ಕೂರಿಸಲು ಜಾಗವಿಲ್ಲ ಅನ್ನುವುದೇ ಇದರ ದೊಡ್ಡ ಗುಣ ಎಂದು ಡಾಕ್ಟರು ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅದರ ಒಂದೊಂದು ನಟ್ಟನ್ನೂ ಮೇಸ್ತ್ರಿ ಬಲ್ಲ. ಭಾನುವಾರಗಳಲ್ಲಿ ಡಾಕ್ಟರು ಮತ್ತು ಅವರ ಹೆಂಡತಿ, ಲೆಕ್ಕದ ಟೀಚರಾಗಿ ನಿವೃತ್ತರಾದವರು, ಒಬ್ಬರಾದ ಮೇಲೆ ಒಬ್ಬರು ಓಡಿಸುತ್ತ ಕೆರೆಯವರೆಗೆ ಹೋಗಿ ಬರುತ್ತಿದ್ದರು. ಬೀದಿಯ ತಿರುವಿನಲ್ಲಿ ಆ ಇಂಜಿನ್ನಿನ ಸದ್ದು ಕೇಳಿದರೆ ಮೇಸ್ತ್ರಿ ಊಟದ ತಟ್ಟೆ ಬಿಟ್ಟು ಬಾಗಿಲಿಗೆ ಬರುತ್ತಿದ್ದ.

ಆದರೆ ಎರಡು ವರ್ಷದಿಂದ ಟೀಚರಮ್ಮ ದೂರುತ್ತಿದ್ದರು. ಕಾರು ಎತ್ತಿ ಹಾಕುತ್ತದೆ, ತಿರುವಿನಲ್ಲಿ ತೂರಾಡುತ್ತದೆ, ಮನೆಗೆ ಬಂದರೆ ನಡು ನಿಲ್ಲುವುದಿಲ್ಲ ಎಂದು. ಡಾಕ್ಟರು ಕಾರನ್ನು ಗ್ಯಾರೇಜಿಗೆ ತಂದರು. ಮೇಸ್ತ್ರಿ ಕೂತ, ಕಣ್ಣು ಮುಚ್ಚಿದ, ಬೇಕರಿ ರಸ್ತೆ ಮುಗಿಯಿತು, ಇಳಿದ. ಕಾರು ಕಲ್ಲುಗುಂಡಿನ ಹಾಗಿದೆ ಎಂದು ತೀರ್ಪಾಯಿತು. ಆರು ತಿಂಗಳಿಗೊಮ್ಮೆ ಇದೇ ನಡೆಯಿತು. ಡಾಕ್ಟರು ಮನೆಗೆ ಹೋಗಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದು ಕಾರಲ್ಲ ಮಾರಾಯ್ತಿ, ನಿನ್ನ ಸೊಂಟ, ಎಂದು ಹಲ್ಲು ಬಿಟ್ಟರು. ಟೀಚರಮ್ಮ ಜೊತೆಗೆ ಗ್ಯಾರೇಜಿಗೆ ಬಂದಾಗಲೂ ಅದೇ ಮಾತು ಬಂದು, ಮೇಸ್ತ್ರಿಯೂ ಅವರ ಎದುರಿಗೇ ನಕ್ಕಿದ್ದುಂಟು. ಟೀಚರಮ್ಮ ಎಕ್ಸ್‌ರೇ ತೆಗೆಸಿದರು, ಹಲಗೆಯ ಮೇಲೆ ಮಲಗಿದರು, ನೆಲದ ಮೇಲೆ ಕಾಲೆತ್ತಿ ವ್ಯಾಯಾಮ ಮಾಡಿದರು. ಕೊನೆಗೆ ಇನ್ನು ಆ ಕಾರು ಹತ್ತುವುದಿಲ್ಲ ಎಂದು ಖಂಡಿತವಾಗಿ ಹೇಳಿಬಿಟ್ಟರು. ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಡಾಕ್ಟರು ನಾಲ್ಕು ಭಾನುವಾರ ಒಬ್ಬರೇ ಕೆರೆಗೆ ಹೋದರು. ಐದನೆಯ ವಾರ ಕಾರನ್ನು ಮಾರಲು ನಿರ್ಧರಿಸಿದರು.

ಕೊಳ್ಳುವವನು ಭಾನುವಾರ ಬರುತ್ತಾನೆ, ತೊಳೆದು ಒಂದು ಸಲ ನೋಡಿಡು ಎಂದು ಗುರುವಾರ ಬೆಳಿಗ್ಗೆ ಕಾರು ಬಿಟ್ಟು ಹೋದರು. ಮಗಳ ಮದುವೆಯಲ್ಲೂ ಅಳದ ಮೇಸ್ತ್ರಿ ಕಾರಿನ ಬಾನೆಟ್ ಒರೆಸುತ್ತ ಕಣ್ಣು ಒರೆಸಿಕೊಂಡ.

ಹೆಂಡತಿ ಸೀಟಿನ ಹೊಲಿಗೆ ನೋಡೋಣವೆಂದು ಬಂದು, ಕೈಯಲ್ಲಿದ್ದ ರೆಕ್ಸಿನ್ ಸುರುಳಿಯನ್ನು ಕಾರಿನ ಹಿಂಭಾಗದ ಮೇಲೆ ಧೊಪ್ಪೆಂದು ಇಟ್ಟಳು. ಕಾರು ತಗ್ಗಿತು, ಎದ್ದಿತು, ಮತ್ತೆ ತಗ್ಗಿತು, ಮತ್ತೆ ಎದ್ದಿತು.

"ಏನ್ರೀ ಇದು, ತೊಟ್ಟಿಲು ತೂಗಿದ ಹಾಗೆ ತೂಗ್ತಿದೆ?" ಅಂದಳು.

ಮೇಸ್ತ್ರಿ ಒರೆಸುವ ಬಟ್ಟೆ ಕೆಳಗಿಟ್ಟ. ಕಾರಿನ ಮೂಲೆಯನ್ನು ಕೈಯಿಂದ ಅದುಮಿ ಬಿಡುವುದು ಈ ಕಸುಬಿನ ಮೊದಲ ದಿನದ ಪಾಠ. ಕಾರು ಗುಂಡಿಗೆ ಬಿದ್ದಾಗ ಸ್ಪ್ರಿಂಗು ಕುಣಿಯುತ್ತದೆ, ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದು ಸರಿ ಇದ್ದರೆ ಕಾರು ಒಂದೇ ಸಲ ಎದ್ದು ಸುಮ್ಮನಾಗಬೇಕು. ಆದರೆ ಅದುಮಿ ನೋಡುವುದು ಕಲಿಯುವವರ ಕೆಲಸ, ತನಗೆ ಸೊಂಟವಿದೆ ಎಂದು ಅವನು ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ನಾಲ್ಕೂ ಮೂಲೆ ಅದುಮಿದ. ನಾಲ್ಕೂ ಕುಣಿದವು. ಹಿಂದಿನ ಒಂದನ್ನು ಬಿಚ್ಚಿ ತೆಗೆದ. ಮೈಯೆಲ್ಲ ಎಣ್ಣೆ ಜಿನುಗಿ ಧೂಳು ಮೆತ್ತಿತ್ತು. ಅದರ ಕಂಬಿಯನ್ನು ಒಳಕ್ಕೆ ಒತ್ತಿದ. ಒಂಚೂರೂ ತಡೆಯಿಲ್ಲದೆ ಒಳಗೆ ಜಾರಿಹೋಯಿತು.

ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೈ ತಾನಾಗಿ ಅಂಗಿಯ ಮೇಲೆ, ನಡುಪಟ್ಟಿಯ ಮೇಲೆ ಹೋಯಿತು. ಫೋಮು ತುಂಬಿದ ಪಟ್ಟಿ ಕಟ್ಟಿಕೊಂಡು ಕೂತವನಿಗೆ ಕಾರಿನ ಕುಲುಕು ತಿಳಿಯುವುದು ಹೇಗೆ? ಟೀಚರಮ್ಮ ಹೇಳಿದ್ದು ಅಕ್ಷರಶಃ ನಿಜ. ಕಾರಿನ ನೋವನ್ನು ಆ ಹೆಂಗಸು ಎರಡು ವರ್ಷ ತನ್ನ ಬೆನ್ನಲ್ಲಿ ಹೊತ್ತಿದ್ದಾರೆ, ಇವನು ಎದುರಿಗೆ ನಿಂತು ನಕ್ಕಿದ್ದಾನೆ. ಅದಕ್ಕಿಂತ ನಾಚಿಕೆಗೇಡು ಇನ್ನೊಂದಿತ್ತು. ಈ ಕಾರಿನ ಶಾಕ್‌ಗಳನ್ನು ಮಾಡುವುದು ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಕೇಳಿ ನಾಲ್ಕು ವರ್ಷದ ಹಿಂದೆ ನಾಲ್ಕು ಶಾಕ್‌ಗಳ ಒಂದು ಸೆಟ್ಟನ್ನೇ ತರಿಸಿ ಅಟ್ಟದ ಮೇಲೆ ಇಟ್ಟಿದ್ದ. ಅವು ಪೆಟ್ಟಿಗೆಯೊಳಗೆ ಹೊಚ್ಚ ಹೊಸದಾಗಿ ಅವನ ತಲೆಯ ಮೇಲೆಯೇ ಕೂತಿದ್ದವು.

ಹೇಳಿಬಿಡಿ ಎಂದಳು ಹೆಂಡತಿ. ಹೇಳಿದರೆ ಬಿರುದು ಹೋಗುತ್ತದೆ, ಹೇಳದಿದ್ದರೆ ಕಾರು ಹೋಗುತ್ತದೆ. ಮೇಸ್ತ್ರಿ ಮೂರನೆಯ ದಾರಿ ಹುಡುಕಿದ. ಡಾಕ್ಟರಿಗೆ ಫೋನ್ ಮಾಡಿ, ಶಾಕ್ ಸ್ವಲ್ಪ ಹಳೆಯದಾಗಿದೆ, ಹೊಸದು ಹಾಕಿಬಿಡುತ್ತೇನೆ, ಅಮ್ಮಾವ್ರು ಇನ್ನೊಂದು ಸಲ ಕೂತು ನೋಡಲಿ, ಎಂದ. ಅವಳು ಕೂರುವುದಿಲ್ಲವಯ್ಯ, ಮಾತು ಅಂದರೆ ಮಾತು, ಎಂದರು ಡಾಕ್ಟರು. ಹಾಕು, ಕೊಳ್ಳುವವನಿಗಾದರೂ ಒಳ್ಳೆಯದಾಗಲಿ.

ಎರಡು ದಿನ ಅವನು ತಲೆ ಎತ್ತಲಿಲ್ಲ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ, ಕಾಯಿಸಿ, ಬೈದು, ಪುಸಲಾಯಿಸಿ ಬಿಡಿಸಿದ. ಸ್ಪ್ರಿಂಗುಗಳನ್ನು ಕ್ಲಾಂಪಿನಲ್ಲಿ ಬಿಗಿದು ಕುಗ್ಗಿಸುವಾಗ ಹೆಂಡತಿಯನ್ನು ಬೀದಿಯ ಆಚೆಗೆ ಕಳಿಸಿದ, ಅದು ಸಿಡಿದರೆ ಮುಖ ಉಳಿಯುವುದಿಲ್ಲ. ಹೊಸ ಶಾಕ್‌ಗಳನ್ನು ನೆಟ್ಟಗೆ ನಿಲ್ಲಿಸಿ, ಒಳಗಿನ ಗಾಳಿ ಹೋಗುವವರೆಗೆ ಒತ್ತಿ ಎಳೆದು ಒತ್ತಿ ಎಳೆದು ಹದ ಮಾಡಿ, ಸ್ಪ್ರಿಂಗು ತೊಡಿಸಿ ಕೂರಿಸಿದ. ಶನಿವಾರ ಮಧ್ಯಾಹ್ನಕ್ಕೆ ಕಾರು ಮತ್ತೆ ಗಾಲಿಯ ಮೇಲೆ, ಅಡಿಯಿಂದ ಕೆಲಸ ಮಾಡಲು ಗ್ಯಾರೇಜಿನ ನೆಲದಲ್ಲಿ ತೋಡಿದ್ದ ಗುಂಡಿಯ ಮೇಲೆ ನಿಂತಿತ್ತು.

ಉಳಿದದ್ದು ಕೆಳಗಿನ ಬೋಲ್ಟುಗಳ ಕಡೆಯ ಬಿಗಿತ. ಗಾಲಿ ಗಾಳಿಯಲ್ಲಿ ನೇತಾಡುವಾಗ ಬಿಗಿದರೆ, ಕಾರು ಇಳಿದಾಗ ಒಳಗಿನ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಮೇಸ್ತ್ರಿಯ ಗುರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಕಾರಿಗೆ ಕೂರುವವರನ್ನೇ ಕೂರಿಸಿ ಬಿಗಿಯಬೇಕು ಎಂದು ಕಲಿಸಿದ್ದ. ಡಾಕ್ಟರು ಬಂದು ತಮ್ಮ ಸೀಟಿನಲ್ಲಿ ಕೂತರು. ಇನ್ನೊಂದಕ್ಕೆ ಮರಳಿನ ಚೀಲ ಇಡೋಣವೆಂದಾಯಿತು. ಎಷ್ಟು ಚೀಲ?

ನಲವತ್ತು ವರ್ಷ ಸಂಸಾರ ಮಾಡಿದ ಡಾಕ್ಟರು ಯೋಚಿಸಿ, ಐವತ್ತೈದು ಕಿಲೋ ಇರಬಹುದು ಎಂದರು. ಮೇಸ್ತ್ರಿಯ ಹೆಂಡತಿ ಬಗ್ಗಿ ಸೀಟಿನ ತಗ್ಗು ನೋಡಿ, ಅರವತ್ತೆಂಟಕ್ಕೆ ಒಂದು ಚಮಚ ಕಡಿಮೆಯಿಲ್ಲ ಎಂದಳು. ಹದಿಮೂರು ಕಿಲೋ ವ್ಯತ್ಯಾಸ. ಕೇಳಿಬಿಡುವುದು ಸುಲಭ, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೊನೆಗೆ ಡಾಕ್ಟರೇ ಫೋನ್ ಮಾಡಿದರು. ಪ್ರಶ್ನೆ ಮುಗಿಯುವ ಮೊದಲೇ ಆ ಕಡೆ ಫೋನ್ ಇಟ್ಟ ಸದ್ದಾಯಿತು. ಕಾಲು ಗಂಟೆಯಲ್ಲಿ, ಕೈಚೀಲ ಹೆಗಲಿಗೆ ಹಾಕಿಕೊಂಡು, ಟೀಚರಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು.

ನನ್ನ ತೂಕ ಬೇಕಾದವರು ಯಾರು ಎಂದು ಕೇಳಿದರು. ಗಂಡಸರಿಬ್ಬರೂ ನೆಲ ನೋಡಿದರು. ಮೇಸ್ತ್ರಿಯ ಹೆಂಡತಿ ಅವರಿಗೊಂದು ಲೋಟ ಚಹಾ ಕೊಟ್ಟು, ವಿಷಯ ಹೇಳಿ, ಹತ್ತು ನಿಮಿಷ ಕೂತರೆ ಸಾಕು, ಇಂಜಿನ್ ಹಾಕುವುದೂ ಇಲ್ಲ ಎಂದಳು. ಹೆಂಗಸಿನ ಮಾತೆಂದು ಟೀಚರಮ್ಮ ಒಪ್ಪಿದರು. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಗಂಡನ ಕಡೆ ನೋಡದೆ, ಡಬ್ಬಿಯೊಳಗೆ ಇಳಿಯುವಂತೆ ಆ ತಗ್ಗು ಸೀಟಿಗೆ ಇಳಿದರು.

ಮೇಸ್ತ್ರಿ ಪಾನಾ ಹಿಡಿದು ಗುಂಡಿಗೆ ಇಳಿದ. ಮೇಲೆ ಕಾರಿನ ಹೊಟ್ಟೆ, ಅದರ ಮೇಲೆ ಆ ಇಬ್ಬರು, ಯಾರ ಮುಖವೂ ಕಾಣದು. ಮೊದಲ ಬೋಲ್ಟು ಬಿಗಿದ. ಎರಡನೆಯದು ಬಿಗಿದ. ಮೂರನೆಯದಕ್ಕೆ ಪಾನಾ ಹಾಕಿದವನ ಕೈ ನಿಂತಿತು. ಈಗ ಹೇಳದಿದ್ದರೆ ಅವರು ಇಳಿದು ಹೋಗುತ್ತಾರೆ, ನಾಳೆ ಕಾರೂ ಹೋಗುತ್ತದೆ. ಕಾರು ಹೋಗಲಿ, ಸುಳ್ಳು ತನ್ನ ಹತ್ತಿರವೇ ಉಳಿಯುತ್ತದೆ. ಅದನ್ನು ಅವನಿಂದ ಸಹಿಸಲಾಗಲಿಲ್ಲ.

"ಅಮ್ಮಾ," ಅಂದ ಕೆಳಗಿನಿಂದ. "ನೆಲಾನೇ ಡೊಂಕಿತ್ತು. ನಿಮ್ಮ ಸೊಂಟ ಅಲ್ಲ. ಎರಡು ವರ್ಷದಿಂದ ನಾನು ನಡುಪಟ್ಟಿ ಕಟ್ಕೊಂಡಿದೀನಿ, ಅದಕ್ಕೇ ನಂಗೆ ಗೊತ್ತಾಗ್ಲಿಲ್ಲ. ಗೊತ್ತಾಗ್ಲಿಲ್ಲ ಅನ್ನೋದು ಬಿಟ್ಟು ನಿಮ್ಮನ್ನ ನೋಡಿ ನಕ್ಕೆ. ತಪ್ಪಾಯ್ತು."

ಮೇಲೆ ಡಾಕ್ಟರು ಕೆಮ್ಮಿದರು, ಕೆಮ್ಮು ಅರ್ಧಕ್ಕೇ ನಿಂತಿತು.

"ನಂಗೆ ವಯಸ್ಸಾಯ್ತು ಅಂತ ನಾನೇ ನಂಬಿಬಿಟ್ಟಿದ್ದೆ ಮೇಸ್ತ್ರಿ," ಅಂದರು ಟೀಚರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. "ರಾತ್ರಿ ಹಲಗೆ ಮೇಲೆ ಮಲಗಿ, ಇನ್ನೇನೇನು ಬಿಡಬೇಕಾಗತ್ತೋ ಅಂತ ಲೆಕ್ಕ ಹಾಕ್ತಿದ್ದೆ."

ಮೇಸ್ತ್ರಿ ಮೂರನೆಯ ಬೋಲ್ಟು ಬಿಗಿದ, ನಾಲ್ಕನೆಯದಕ್ಕೆ ಕೈ ಹಾಕಿದ. ಅಷ್ಟರಲ್ಲಿ ಅಂಗೈಗೆ ಕಾರು ಒಮ್ಮೆ ಅದುರಿದ್ದು ತಾಗಿತು. ಅತ್ತರೇನೋ ಎಂದು ಹೆದರಿದ. ಮತ್ತೆ ಅದುರಿತು, ಮೇಲಿನಿಂದ ನಗು ಕೇಳಿಸಿತು. ಟೀಚರಮ್ಮ ನಗುತ್ತಿದ್ದರು.

"ಎಲ್ಲಿ ಆ ನಡುಪಟ್ಟಿ? ಬಿಚ್ಚಿ ಇವರ ಕೈಗೆ ಕೊಡಿ. ರೀ, ನೀವು ಇಳೀರಿ. ನಾನು ಓಡಿಸ್ತೀನಿ, ಮೇಸ್ತ್ರಿ ಪಕ್ಕದಲ್ಲಿ ಕೂರ್ತಾರೆ."

ನಾಲ್ಕನೆಯ ಬೋಲ್ಟೂ ಬಿಗಿದಾದ ಮೇಲೆ ಡಾಕ್ಟರು ಇಳಿದರು. ಇಳಿಯದೆ ಉಪಾಯವಿರಲಿಲ್ಲ. ಮೇಸ್ತ್ರಿ ಗುಂಡಿಯಿಂದ ಮೇಲೆ ಹತ್ತಿ, ಕಪಾಟಿನ ಮರೆಗೆ ಹೋಗಿ ಬೆಚ್ಚಗಿನ ನಡುಪಟ್ಟಿ ಬಿಚ್ಚಿ ತಂದು ಅವರ ಕೈಗಿಟ್ಟ. ಅದನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಅವರು ಅದನ್ನು ಹಲ್ಲಿನ ಸೆಟ್ಟಿನಂತೆ ಎರಡು ಬೆರಳಲ್ಲಿ ಹಿಡಿದು ನಿಂತರು. ಮೇಸ್ತ್ರಿಯ ಹೆಂಡತಿ ಅವರಿಗೊಂದು ಸ್ಟೂಲು ಹಾಕಿದಳು.

ಇಂಜಿನ್ ಗುಡುಗಿತು. ಬೇಕರಿ ರಸ್ತೆಯ ಮೊದಲ ಗುಂಡಿಗೆ ಕಾರು ಒಂದು ಸಲ ತಗ್ಗಿತು, ಒಂದು ಸಲ ಎದ್ದಿತು, ಸುಮ್ಮನಾಯಿತು. ಎರಡನೆಯದಕ್ಕೂ ಹಾಗೆಯೇ. ಎರಡು ವರ್ಷದ ಮೇಲೆ ಮೇಸ್ತ್ರಿಯ ಸೊಂಟಕ್ಕೆ ರಸ್ತೆಯ ಒಂದೊಂದು ಕಲ್ಲೂ ತಿಳಿಯಿತು. ನೋವು ಇತ್ತು, ಆದರೆ ಆ ನೋವು ತನ್ನದು, ಕಾರಿನದಲ್ಲ ಎಂದು ಸ್ಪಷ್ಟವಾಗಿ ಗೊತ್ತಾಯಿತು.

"ಹೇಗಿದೆ ಮೇಸ್ತ್ರಿ?" ಎಂದು ಟೀಚರಮ್ಮ ಕೇಳಿದರು.

ಮೂವತ್ತು ವರ್ಷದ ಅಭ್ಯಾಸದಂತೆ ತೀರ್ಪು ಬಾಯಿಗೆ ಬಂತು. ಅವನು ಅದನ್ನು ನುಂಗಿದ.

"ನೀವು ಹೇಳಿ ಅಮ್ಮಾ," ಅಂದ.

ಅವರು ರಸ್ತೆಯ ಕೊನೆಯಲ್ಲಿ ಕಾರು ತಿರುಗಿಸಿದರು, ಅದೇ ಗುಂಡಿಗಳ ಮೇಲೆ ಇನ್ನಷ್ಟು ಜೋರಾಗಿ ಬಂದರು. ಗ್ಯಾರೇಜಿನ ಮುಂದೆ ಡಾಕ್ಟರು ಸ್ಟೂಲಿನಿಂದ ಎದ್ದು, ಒಂದು ಕೈಯಲ್ಲಿ ನಡುಪಟ್ಟಿ, ಇನ್ನೊಂದರಲ್ಲಿ ಫೋನ್ ಹಿಡಿದು, ಕೊಳ್ಳುವವನಿಗೆ ಏನು ಹೇಳಲಿ ಎಂದು ಕೂಗಿ ಕೇಳಿದರು. ಟೀಚರಮ್ಮ ಕಾರು ನಿಲ್ಲಿಸಲಿಲ್ಲ. ಕೆರೆಯ ಕಡೆಗೆ ತಿರುಗಿಸಿದರು.