ನಮ್ಮ ಪ್ರಾಂತ್ಯವೇ ಏಕೆ?

ಹುಟ್ಟುಹಬ್ಬದ ಶುಭಾಶಯ ಹೇಳಿದ್ದಕ್ಕೆ ಯಾರಾದರೂ ನಿಮ್ಮ ಮೇಲೆ ಸಿಡುಕಿದ್ದಾರೆಯೇ? ಗಿರೀಶ ನನ್ನ ಮೇಲೆ ಸಿಡುಕಿದ.

"ಅಕ್ಕಾ, ವಯಸ್ಸು ಒಂದು ಜಾಸ್ತಿ ಆಯ್ತು, ಪಾಯಿಂಟ್ಸ್ ಕಮ್ಮಿ ಆಯ್ತು. ಅದಕ್ಕೆ ವಿಶ್ ಬೇರೆ ಮಾಡ್ತೀರಲ್ಲ."

ಗಿರೀಶ ಮೈಸೂರಿನವನು, ಐರ್ಲೆಂಡಿನ ವಾಟರ್‌ಫರ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಹೆಂಡತಿ ಶುಭಾ ಅಲ್ಲೇ ಆಸ್ಪತ್ರೆಯಲ್ಲಿ ಡಾಕ್ಟರ್. ಇಬ್ಬರಿಗೂ ಒಳ್ಳೆಯ ಕೆಲಸ, ಮಗಳಿಗೆ ಒಳ್ಳೆಯ ಸ್ಕೂಲು. ಇಷ್ಟೆಲ್ಲ ಇದ್ದ ಮೇಲೆ ಏನು ಮಾಡಬೇಕು? ಕೆನಡಾಗೆ ಅರ್ಜಿ ಹಾಕಬೇಕು. (ನಾನಿರುವ ಬ್ಲಾಂಚರ್ಡ್ಸ್‌ಟೌನ್‌ನ ನಮ್ಮ ಕನ್ನಡ ಬಳಗದಲ್ಲಿ ಎರಡು ಮನೆಯವರು ಆಗಲೇ ಹೋದರು. ಇತ್ತ ಗಿರೀಶನ ನಿದ್ದೆಯೂ ಹೋಯಿತು.)

ಕೆನಡಾ ವಯಸ್ಸು, ಓದು ನೋಡಿ ಅರ್ಜಿದಾರರಿಗೆ ಅಂಕ ಕೊಡುತ್ತದೆ; ವಯಸ್ಸು ಏರಿದಂತೆ ಅಂಕ ಇಳಿಯುತ್ತದೆ. ಜೊತೆಗೆ ಅಲ್ಲಿ ಒಂದೊಂದು ಪ್ರಾಂತ್ಯದ ಸರ್ಕಾರವೂ ತನಗೆ ಬೇಕಾದ ಕೆಲಸಗಾರರನ್ನು ತಾನೇ ಆರಿಸಿಕೊಳ್ಳುತ್ತದೆ. ಥೇಟ್ ಹೆಣ್ಣು ನೋಡುವ ಶಾಸ್ತ್ರ. ವಯಸ್ಸೆಷ್ಟು, ಎಷ್ಟು ಓದಿದ್ದೀರಿ, ನಮ್ಮಲ್ಲಿ ಹೊಂದಿಕೊಂಡು ಇರುತ್ತೀರಾ? ಒಂದು ಪ್ರಾಂತ್ಯ ಒಪ್ಪಿಬಿಟ್ಟರೆ, ವಯಸ್ಸು ಕಸಿದುಕೊಂಡ ಅಂಕಗಳಿಗಿಂತ ಹೆಚ್ಚೇ ಸಿಗುತ್ತವೆ.

ಗಿರೀಶನಿಗೂ ಒಂದು ಪ್ರಾಂತ್ಯದಿಂದ ಕರೆ ಬಂತು. 'ನಮ್ಮ ಪ್ರಾಂತ್ಯದಲ್ಲೇ ಏಕೆ ನೆಲೆಸಬೇಕು?' ಎಂಬುದಕ್ಕೆ ಪತ್ರ ಬರೆದು ಕಳಿಸಬೇಕು, ಅಷ್ಟೇ. ಗಡುವು ಕಳೆದ ಶನಿವಾರ ಸಂಜೆ ಐದು. ಇಂಗ್ಲಿಷ್ ತಿದ್ದಿಕೊಡಲು ನನ್ನನ್ನು ಊಟಕ್ಕೆ ಕರೆದಿದ್ದ.

ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತೆವು. ನಾನು ಗಟ್ಟಿಯಾಗಿ ಓದಿದೆ.

'ನಿಮ್ಮ ಊರುಗಳಂಥ ಸಣ್ಣ ಊರು ನನಗಿಷ್ಟ. ನಾವು ರಜೆಗೆ ಹೋದರೆ ಪಕ್ಕದ ಮನೆಯ ಅಜ್ಜಿ ನಮ್ಮ ಕಸದ ಬಿನ್ ಹೊರಗಿಟ್ಟು, ಮತ್ತೆ ಒಳಗೂ ತಂದಿಡುತ್ತಾರೆ. ಬಸ್ಸಿಳಿಯುವಾಗ ಎಲ್ಲರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುತ್ತಾರೆ. ಮಗಳ ಕ್ಯಾಮೋಗಿ ಮ್ಯಾಚ್ ನೋಡಲು ಮಳೆಯಲ್ಲೂ ಬೀದಿಯವರೆಲ್ಲ ಬಂದು ನಿಲ್ಲುತ್ತಾರೆ.'

ಕೆನಡಾದಲ್ಲಿ ಕ್ಯಾಮೋಗಿಯೇ? (ಐರಿಶ್ ಹುಡುಗಿಯರು ಕೋಲು ಹಿಡಿದು ಚೆಂಡಿನ ಹಿಂದೆ ಓಡುವ ಆಟ. ನೋಡುವ ಅಮ್ಮಂದಿರಿಗೆ ಜೀವ ಬಾಯಿಗೆ ಬರುತ್ತದೆ.)

"ಗಿರೀಶ, ಆ ಪ್ರಾಂತ್ಯ ನೀನು ನೋಡಿದ್ದೀಯೇನೋ?"

"ಯೂಟ್ಯೂಬಲ್ಲಿ ನೋಡಿದೀನಿ ಅಕ್ಕಾ. ಬರೆಯೋಕೆ ಕೂತ್ರೆ ಏನೂ ತೋಚ್ಲಿಲ್ಲ. ಗೊತ್ತಿರೋದನ್ನ ಬರ್ದೆ."

ಕಾಫಿ ತಂದ ಶುಭಾ ಲೋಟ ಹಿಡಿದುಕೊಂಡೇ ನಿಂತಿದ್ದಳು.

"ಇದು ನಮ್ ಬೀದಿ ಅಲ್ವೇನ್ರೀ? ಇಷ್ಟೊಂದು ಇಷ್ಟ ಅಂತ ನಂಗೆ ಒಂದಿನಾನೂ ಹೇಳ್ಲಿಲ್ಲ." ಆಮೇಲೆ ಮೆಲ್ಲಗೆ ಸೇರಿಸಿದಳು. "ಅಲ್ಲಿಗೆ ಹೋದ್ರೆ ನಾನು ಡಾಕ್ಟರ್ ಆಗೋಕೆ ಮತ್ತೆ ಮೊದಲಿಂದ ಪರೀಕ್ಷೆ ಬರೀಬೇಕು. ನಿಮಗೆ ಆಸೆ ಅಂತ ಹೂಂ ಅಂದಿದ್ದೆ, ಅಷ್ಟೇ."

ಗಿರೀಶ ಕಕ್ಕಾಬಿಕ್ಕಿಯಾದ. ಅವಳು ಹೂಂ ಎಂದ ದಿನದಿಂದ ಅವನು ಮತ್ತೆ ಕೇಳುವ ಗೋಜಿಗೇ ಹೋಗಿರಲಿಲ್ಲ. ನನಗೆ ನಗು ಬಂತು, ಶುಭಾಳ ಮುಖ ನೋಡಿ ಸಂಕಟವೂ ಆಯಿತು. ಪತ್ರದಲ್ಲಿ ತಿದ್ದಲು ನನಗೇನೂ ಸಿಗಲಿಲ್ಲ. ಒಂದಕ್ಷರವೂ ಸುಳ್ಳಿರಲಿಲ್ಲವಲ್ಲ.

ಐದು ಗಂಟೆಯಾಯಿತು. ಗಿರೀಶ ಸಬ್ಮಿಟ್ ಒತ್ತಲಿಲ್ಲ. "ಇಟ್ಸ್ ಗ್ರ್ಯಾಂಡ್, ಮುಂದಿನ ರೌಂಡಲ್ಲಿ ನೋಡೋಣ ಬಿಡಿ," ಎಂದು ಲ್ಯಾಪ್‌ಟಾಪ್ ಮುಚ್ಚಿದ. (ಗ್ರ್ಯಾಂಡ್ ಎಂದರೆ ಐರಿಶ್ ಮಂದಿಯ 'ಪರವಾಗಿಲ್ಲ'. ಗಂಡಸರು ತಪ್ಪು ಒಪ್ಪಿಕೊಳ್ಳುವ ರೀತಿಯೇ ಇದು.) ಶುಭಾ ಅವನ ಪಕ್ಕದಲ್ಲಿ ಬಂದು ಕೂತಳು.

ಐರ್ಲೆಂಡ್ ಇಷ್ಟು ವರ್ಷ ನಮ್ಮಿಂದ ಪಾಸ್‌ಪೋರ್ಟ್ ಕೇಳಿದೆ, ಪರ್ಮಿಟ್ ಕೇಳಿದೆ, ಪೇಸ್ಲಿಪ್ ಕೇಳಿದೆ. ಇಲ್ಲೇ ಏಕೆ ಇರಬೇಕು ಎಂದು ಯಾವುದಾದರೂ ಒಂದು ಫಾರ್ಮಿನಲ್ಲಿ ಕೇಳಿದ್ದರೆ, ಅದರ ಉತ್ತರ ತಿಳಿಯಲು ಗಿರೀಶ ಕೆನಡಾಗೆ ಅರ್ಜಿ ಹಾಕಬೇಕಿತ್ತೇ?