ಜಿಪ್‌ಲೈನ್ ಸರಿ, ಬ್ಯಾಗ್ ಯಾರು ನೋಡ್ಕೋತಾರೆ?

“ಯಾರಿಗೆ ಮೇಡಂ?” ಅಂತ ಫೋನಿನ ಆ ಕಡೆಯಿಂದ ರೆಸಾರ್ಟಿನವನು ಕೇಳಿದ.

“ನಂಗೇ” ಅಂದೆ.

ಅಂದ ಮೇಲೆ ಒಂದು ಸಲ ಹಿಂದೆ ತಿರುಗಿ ನೋಡಿದೆ. ಎಸ್‌ಟಿಡಿ ಬೂತಿನ ಗಾಜಿನಾಚೆ ಇಬ್ಬರು ಕಾಯುತ್ತಿದ್ದರು. ನಲವತ್ತು ದಾಟಿದ ಹೆಂಗಸೊಬ್ಬಳು ಆಫೀಸಿಗೆ ಹೋಗುವ ದಾರಿಯಲ್ಲಿ, ತುಮಕೂರಿನ ಬೂತಿನಲ್ಲಿ ನಿಂತು, ಕೇರಳ ಗಡಿಯ ಮಳೆಕಾಡಿನಲ್ಲಿ ಮರದಿಂದ ಮರಕ್ಕೆ ತಂತಿ ಮೇಲೆ ಜಾರಿ ಹೋಗಲು ತನ್ನನ್ನು ಸೇರಿಸಿಕೊಳ್ಳುತ್ತಾರಾ ಅಂತ ವಿಚಾರಿಸುತ್ತಿದ್ದಾಳೆ. ಕೇಳಿಸಿದ್ದರೆ ನಗುತ್ತಿದ್ದರೋ ಏನೋ.

ರೆಸಾರ್ಟಿನವನು ಮಾತ್ರ ನಗಲಿಲ್ಲ. ತೂಕ ಕೇಳಿದ. (ಹೇಳಿದೆ, ಸ್ವಲ್ಪ ಡಿಸ್ಕೌಂಟ್ ಕೊಟ್ಟು.) ಬಿಪಿ ಇದೆಯಾ ಅಂದ. ಸೀರೆ ಬೇಡ, ಚೂಡಿದಾರ್ ಆಗಬಹುದು, ಶೂ ಮಾತ್ರ ಬೇಕೇ ಬೇಕು ಅಂದ. “ಸೊಂಟಕ್ಕೆ ಬೆಲ್ಟ್ ಕಟ್ತೇವೆ, ತಂತಿಗೆ ಕೊಕ್ಕೆ ಹಾಕ್ತೇವೆ. ನೀವು ಕಾಲು ಎತ್ತಿದ್ರೆ ಸಾಕು ಮೇಡಂ” ಅಂದ. ನಾನು ಇಷ್ಟೇ ಮಾಡಿದರೆ ಸಾಕು ಅಂತ ಯಾರಾದರೂ ನನಗೆ ಹೇಳಿ ಎಷ್ಟು ಕಾಲವಾಗಿತ್ತು!

ಐಡಿಯಾ ನನ್ನದಲ್ಲ, ಏಳನೇ ಕ್ಲಾಸಿನ ಮಗಳು ಚೈತ್ರಾಳದ್ದು. ಸ್ಕೂಲ್ ಪ್ರಾಜೆಕ್ಟಿಗೆ ಅಂತ ಸೈಬರ್ ಸೆಂಟರಿಗೆ ಹೋದವಳು ಮಳೆಕಾಡಿನ ಜೊತೆಗೆ ಈ ಜಿಪ್‌ಲೈನನ್ನೂ ಹುಡುಕಿ, ಕಲರ್ ಪ್ರಿಂಟ್ ಹಿಡಿದು ಬಂದಳು. ಫೋಟೋದಲ್ಲಿ ಒಬ್ಬ ಹುಡುಗಿ ತಂತಿಗೆ ಜೋತುಬಿದ್ದಿದ್ದಾಳೆ, ಅವಳ ಕಾಲ ಕೆಳಗೆ ಇಡೀ ಕಾಡು. “ಫಸ್ಟ್ ನಾನೇ ಹೋಗೋದು, ಈಗ್ಲೇ ಹೇಳಿದೀನಿ” ಅಂತ ಅವತ್ತಿನಿಂದ ಮನೆಯೆಲ್ಲಾ ಡಂಗುರ. ಡೈನಿಂಗ್ ಟೇಬಲ್ಲಿನಿಂದ ಸೋಫಾಕ್ಕೆ ಪ್ರಾಕ್ಟೀಸ್ ಬೇರೆ.

ಅವಳು ಸ್ಕೂಲಿಗೆ ಹೋದ ಮೇಲೆ ಆ ಫೋಟೋ ನಾನು ನೋಡುತ್ತಿದ್ದೆ. ನಾನು ಹುಟ್ಟಿ ಬೆಳೆದದ್ದು ನಿಟ್ಟೂರಿನ ಹತ್ತಿರ. ತೆಂಗಿನ ಮರ ಕಾಣದ ದಿನವೇ ಇಲ್ಲ. ಆದರೆ ಕಂಡದ್ದೆಲ್ಲ ಕೆಳಗಿನಿಂದ, ಕತ್ತೆತ್ತಿ. ಮರ ಹತ್ತುವುದು ಅಣ್ಣಂದಿರ ಕೆಲಸ, ಬಿದ್ದ ಕಾಯಿ ಆರಿಸುವುದು ನಮ್ಮದು. ಮರಕ್ಕೆ ಮೇಲಿನಿಂದ ಒಂದು ಮುಖ ಇರುತ್ತದಲ್ಲ, ಅದು ಹೇಗಿರುತ್ತದೆ? ಗಾಳಿ ಬೀಸಿದಾಗ ಎಲೆಗಳೆಲ್ಲ ಯಾವ ಕಡೆ ಹೊರಳುತ್ತವೆ? ಒಂದೇ ಒಂದು ಸಲ ನೋಡಬೇಕು ಅನ್ನಿಸಿತು. ಕುಕ್ಕರ್ ಮೂರು ಸಲ ಕೂಗಿದ್ದೂ ಗೊತ್ತಾಗದಷ್ಟು ಅನ್ನಿಸಿತು.

ಇಷ್ಟು ಆಸೆ ಇದ್ದರೆ ಹೋಗಿ ಬರಬಹುದಲ್ಲ ಅಂತೀರಾ? ನನ್ನ ಹುದ್ದೆ ನಿಮಗೆ ಗೊತ್ತಿಲ್ಲ.

ನಮ್ಮ ಮನೆಮಂದಿಯ ಟ್ರಿಪ್ಪುಗಳಲ್ಲಿ ಬ್ಯಾಗ್ ನೋಡಿಕೊಳ್ಳುವವಳು ನಾನು. ಫಾಲ್ಸ್ ಇರಲಿ, ಬೀಚ್ ಇರಲಿ, ಬೆಟ್ಟ ಇರಲಿ, ಅಲ್ಲೊಂದು ಬೆಂಚು ಇರುತ್ತದೆ. ಅದರ ಮೇಲೆ ನಾನು, ನನ್ನ ಸುತ್ತ ಎಲ್ಲರ ಬ್ಯಾಗು, ಚಪ್ಪಲಿ, ವಾಚು, ಟವೆಲ್ಲು. ಒಮ್ಮೆ ನಮ್ಮ ಭಾವ ಜೈಂಟ್ ವೀಲ್ ಹತ್ತುವಾಗ ಹಲ್ಲಿನ ಸೆಟ್ಟನ್ನೂ ಕರ್ಚೀಫಿನಲ್ಲಿ ಸುತ್ತಿ ಕೊಟ್ಟು ಹೋಗಿದ್ದರು. ಸಮುದ್ರದ ಸದ್ದು ನನಗೆ ಚೆನ್ನಾಗಿ ಗೊತ್ತು. ಅದರ ನೀರು ಎಷ್ಟು ಬೆಚ್ಚಗಿರುತ್ತದೆ ಅನ್ನುವುದನ್ನು ಮಾತ್ರ ಬೇರೆಯವರು ಹೇಳಿದ್ದಾರೆ.

ಹುದ್ದೆ ಬಂದದ್ದು ಅತ್ತೆಯಿಂದ. ಮದುವೆಯಾದ ವರ್ಷ ಊಟಿಗೆ ಹೋಗಿದ್ದೆವು. ಕೆರೆ ದಂಡೆಯಲ್ಲಿ ಅತ್ತೆ ಬ್ಯಾಗುಗಳನ್ನೆಲ್ಲ ನನ್ನ ಮಡಿಲಿಗೆ ಇಳಿಸಿ, “ನೀನು ಚಿಕ್ಕೋಳು, ಇನ್ನೂ ಎಷ್ಟೋ ಸಲ ಬರ್ತೀಯ. ನಾನೊಂದ್ಸಲ ಹೋಗ್ಬರ್ತೀನಿ ಕಣಮ್ಮ” ಅಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೋಟು ಹತ್ತಿದರು. ಆಗ ಅವರ ಮುಖ ನೋಡಿದ್ದರೆ ನೀವೂ ಬೇಡ ಅನ್ನುತ್ತಿರಲಿಲ್ಲ. ನಾನು ಬರುವವರೆಗೆ ಬೆಂಚಿನ ಮೇಲೆ ಕೂತವರು ಅವರೇ ಅಲ್ಲವಾ!

ಈ ಸಲ ನಾನೂ ಗಟ್ಟಿ ಮನಸ್ಸು ಮಾಡಿದೆ. ಎಂ.ಜಿ. ರೋಡಿಗೆ ಹೋಗಿ ಕ್ಯಾನ್ವಾಸ್ ಶೂ ತಂದೆ. “ಮಗಳಿಗಾ ಅಕ್ಕ?” ಅಂದ ಅಂಗಡಿಯವನು. ಚಪ್ಪಲಿ ಬಿಟ್ಟು ಕಾಲು ಚಾಚಿದೆ.

ಪ್ಲಾನಿಂಗ್ ಮೀಟಿಂಗ್ ಹೋದ ಭಾನುವಾರ ಗುಬ್ಬಿಯಲ್ಲಿ, ಭಾವನ ಮನೆಯಲ್ಲಿ. (ಭಾವ ಅಂದರೆ ನನ್ನ ಗಂಡನ ಅಣ್ಣ. ಹಲ್ಲಿನ ಸೆಟ್ಟಿನವರು.) ಕುಣಿಗಲ್ಲಿನಿಂದ ನಾದಿನಿ ಸುಮಾ, ಅವಳ ಗಂಡ ಬಂದಿದ್ದರು. ಟೆಂಪೋ ಟ್ರಾವೆಲರ್ ಬುಕ್ಕಾಯಿತು, ಪುಳಿಯೋಗರೆ ಯಾರದು, ಚಪಾತಿ ಯಾರದು ಅನ್ನುವುದೂ ತೀರ್ಮಾನವಾಯಿತು. ಆಮೇಲೆ ಭಾವ ಎಂದಿನಂತೆ, “ಗೀತಾ ಹೆಂಗೂ ಕೆಳಗಿರ್ತಾಳೆ, ವಿಡಿಯೋ ಕ್ಯಾಮೆರಾ, ದುಡ್ಡು ಎಲ್ಲ ಅವಳತ್ರ ಕೊಟ್ಬುಡಿ” ಅಂದರು.

“ಇಲ್ಲ ಭಾವ, ಈ ಸಲ ನಾನೂ ಹೋಗ್ತೀನಿ” ಅಂದೆ.

ಹೆದರಿಕೆ ಆಗಲ್ವಾ ಅಂತ ಕೇಳುತ್ತಾರೆ, ಅದಕ್ಕೆ ಉತ್ತರ ರೆಡಿ ಇತ್ತು. ಈ ವಯಸ್ಸಲ್ಲಿ ಬೇಕಾ ಅಂತ ಕೇಳುತ್ತಾರೆ, ಅದಕ್ಕೂ ಇತ್ತು. ಅವರು ಕೇಳಿದ್ದು ಅದ್ಯಾವುದೂ ಅಲ್ಲ.

“ಹಂಗಾದ್ರೆ ಬ್ಯಾಗು?”

“ಅಲ್ಲಿ ಲಾಕರ್ ಇದೆಯಂತೆ. ನಾನೇ ಫೋನ್ ಮಾಡಿ ಕೇಳಿದೀನಿ.”

“ಅಯ್ಯೋ ಅತ್ತಿಗೆ, ಗೊತ್ತಿಲ್ದಿರೋ ಊರಲ್ಲಿ ಲಾಕರ್ ನಂಬೋಕಾಗತ್ತಾ?” ಅಂದಳು ಸುಮಾ. ಕಬ್ಬಿಣದ ಪೆಟ್ಟಿಗೆ, ಬೀಗ, ಕೀ ಯಾವುದನ್ನೂ ನಂಬದವರು ನನ್ನನ್ನು ಮಾತ್ರ ಎಷ್ಟು ನಂಬಿದ್ದಾರೆ ನೋಡಿ! ನನ್ನ ಗಂಡ ಸೀಲಿಂಗ್ ಫ್ಯಾನನ್ನು ಜೀವಮಾನದಲ್ಲಿ ಮೊದಲ ಸಲ ಕಂಡವರ ಹಾಗೆ ನೋಡುತ್ತಿದ್ದರು. ಭಾವನ ಮಗ ಕಿರಣ (ಹತ್ತನೇ ಕ್ಲಾಸು ಮುಗಿಸಿದ್ದಾನೆ, ನನಗಿಂತ ಒಂದು ಗೇಣು ಎತ್ತರ) ಚಕ್ಕುಲಿ ತಿನ್ನುತ್ತಿದ್ದ. ಯಾರೂ ಅವನ ಕಡೆ ನೋಡಲಿಲ್ಲ. ಅವನೂ ತಲೆ ಎತ್ತಲಿಲ್ಲ.

ಆಗ ಚೈತ್ರಾ ನನ್ನ ಮುಖವನ್ನೇ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು.

“ಅಮ್ಮ ಹೋಗ್ಲಿ ದೊಡ್ಡಪ್ಪ. ನಾನ್ ಬ್ಯಾಗ್ ನೋಡ್ಕೋತೀನಿ.”

ಎಲ್ಲರಿಗೂ ಎಷ್ಟು ಸಮಾಧಾನ! “ನೋಡು, ಎಷ್ಟು ಒಳ್ಳೆ ಮಗು” ಅಂದರು ಭಾವ. ಸುಮಾ ಅವಳ ಕೆನ್ನೆ ಹಿಂಡಿದಳು. ಮೂಲೆಯಲ್ಲಿ ಕೂತಿದ್ದ ಅತ್ತೆ, “ಸರಿ ಬುಡು, ಅಲ್ಲಿಗೆ ಆಯ್ತಲ್ಲ” ಅಂದರು. ಮೀಟಿಂಗ್ ಮುಗಿಯಿತು, ಕಾಫಿ ಬಂತು. ನಾನು ಇಷ್ಟು ದಿನ ಬಯಸಿದ್ದು ನನಗೆ ಸಿಕ್ಕಿತ್ತು. ನನ್ನ ಕಾಫಿ ಲೋಟವನ್ನು ಮಾತ್ರ ಹಾಗೇ ಟ್ರೇಗೆ ವಾಪಸ್ ಇಟ್ಟೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಚೈತ್ರಾ ಕಿಟಕಿ ಪಕ್ಕ ಕೂತಿದ್ದಳು. ಗುಬ್ಬಿ ದಾಟಿದ ಮೇಲೆ ಕೇಳಿದಳು:

“ಅಮ್ಮ, ಕೆಳಗೆ ಬೆಂಚಲ್ಲಿ ಕೂತಿದ್ರೆ ನೀನು ಹೋಗೋದು ಕಾಣತ್ತಾ?”

ಕಾಣುವುದಿಲ್ಲ ಕಂದಾ. ಬೆಂಚಿನಿಂದ ಏನೂ ಕಾಣುವುದಿಲ್ಲ. ಕಿರುಚಾಟ ಕೇಳುತ್ತದೆ, ನಗು ಕೇಳುತ್ತದೆ. ಆಮೇಲೆ ಎಲ್ಲರೂ ಕೆಂಪು ಮುಖ ಮಾಡಿಕೊಂಡು ಓಡಿ ಬಂದು, ನೀನು ಮಿಸ್ ಮಾಡ್ಕೊಂಡೆ ಅಂತ ಹೇಳಿ ನೀರಿನ ಬಾಟ್ಲಿ ಕೇಳುತ್ತಾರೆ. ಇದನ್ನೆಲ್ಲ ಹನ್ನೆರಡು ವರ್ಷದ ಮಗುವಿಗೆ ಹೇಗೆ ಹೇಳಲಿ? ಅವಳ ತಲೆ ಎದೆಗೆ ಒತ್ತಿಕೊಂಡೆ. ಅಳು ಬಂತು. ನನಗೋಸ್ಕರ ಒಂದಿಷ್ಟು, ಅವಳಿಗೋಸ್ಕರ ಬಹಳ.

ಮನೆಗೆ ಬಂದವಳೇ ಭಾವನಿಗೆ ಫೋನ್ ಮಾಡಿದೆ. “ನಾನೂ ಹೋಗ್ತೀನಿ, ಚೈತ್ರಾನೂ ಹೋಗ್ತಾಳೆ. ಬ್ಯಾಗನ್ನ ನೀವು, ಇವರು, ಕಿರಣ, ಯಾರಾದ್ರೂ ಸರದಿ ಮೇಲೆ ನೋಡ್ಕೊಳ್ಳಿ ಭಾವ.” ಅವರು ಬೈಯಲಿಲ್ಲ, ಪಾಪ. “ನೋಡೋಣ ಇರು” ಅಂದರು.

ಮೂರೇ ದಿನದಲ್ಲಿ ಟ್ರಿಪ್ಪು ಮುಂದಕ್ಕೆ ಹೋಯಿತು. ಕೇಳಿದರೆ ಭಾವನಿಗೆ ರಜ ಇಲ್ಲ, ಸುಮಾಗೆ ಸೊಂಟ ನೋವು, ಅಲ್ಲಿ ವಿಪರೀತ ಮಳೆ. ಮಳೆಕಾಡಿನಲ್ಲಿ ಮಳೆ ಬರದೆ ಇನ್ನೇನು ಬರುತ್ತದೆ ಅಂತ ಕೇಳಬೇಕೆನಿಸಿತು. ನನ್ನ ಗಂಡ ಮೊನ್ನೆ, “ಬೇಕಾದ್ರೆ ನಾನೇ ಕೂರ್ತೀನಿ ಬಿಡು” ಅಂದರು. ಅಂದು, ನಾನು ಬೇಡ ಅನ್ನಲಿ ಅಂತ ಕಾದರು. ನಾನು ಬೇಡ ಅನ್ನಲಿಲ್ಲ. ಅದಾದ ಮೇಲೆ ಅವರು ಆ ವಿಷಯ ಎತ್ತಿಲ್ಲ.

ಆಸೆ ಹೋಗಿದೆಯಾ? ಇಲ್ಲ. ಚೈತ್ರಾಳ ಪ್ರಾಕ್ಟೀಸೂ ನಿಂತಿಲ್ಲ. ಬಟ್ಟೆ ಒಣಹಾಕಲು ಟೆರೇಸಿಗೆ ಹೋದಾಗ ನಾನೂ ಸುಮ್ಮನೆ ತಂತಿ ಹಿಡಿದು, ಕಣ್ಣು ಮುಚ್ಚಿ, ಹಿಮ್ಮಡಿ ಎತ್ತಿ ನಿಲ್ಲುತ್ತೇನೆ.

ಇಷ್ಟು ಜನ ಗಂಡಸರಿರುವ ಮನೆಯಲ್ಲಿ ಬ್ಯಾಗ್ ನೋಡಿಕೊಳ್ಳಲು ಒಬ್ಬ ಸಿಗುವವರೆಗೆ ಅಮ್ಮ, ಮಗಳು ಇಬ್ಬರೂ ಕಾಯುತ್ತೇವೆ; ಅಲ್ಲಿಯವರೆಗೆ ಆ ಕಾಡು ಉಳಿದಿರುತ್ತದಾ?