ತೊಟ್ಟಿಯೊಳಗೆ ಕೂರುವವನು

ತಲೆಕೂದಲು ಅರ್ಧಕ್ಕರ್ಧ ಬೆಳ್ಳಗಾಗಿದ್ದರೂ ಆ ಬೀದಿಗೆಲ್ಲ ಅವನು ‘ತಮ್ಮ’ನೇ. ಹಳೆಯ ಉಕ್ಕಿನ ಕಸದ ತೊಟ್ಟಿಗಳನ್ನು ರಿಪೇರಿ ಮಾಡುವ ಆ ಶೆಡ್ಡಿನಲ್ಲಿ ಒಂದು ಕಾಲಕ್ಕೆ ಅಣ್ಣ, ತಮ್ಮ ಇಬ್ಬರೂ ಇದ್ದರು. ಅಣ್ಣ ಬಿಟ್ಟುಹೋದ. ತಮ್ಮ ಅನ್ನುವ ಹೆಸರು ಮಾತ್ರ ಉಳಿಯಿತು, ಜೊತೆ ಕಳೆದುಕೊಂಡ ಒಂಟಿ ಚಪ್ಪಲಿಯ ಹಾಗೆ.

ಬೇಕರಿ, ಹೊಲಿಗೆ ಕಾರ್ಖಾನೆ, ಹೋಟೆಲು, ಎಲ್ಲರ ಹಿತ್ತಿಲ ತೊಟ್ಟಿಗಳೂ ಅವನ ಕೈಗೇ ಬರುತ್ತಿದ್ದವು. ತೂತುಬಿದ್ದ ತಳ ಕತ್ತರಿಸಿ ಹೊಸ ತಗಡು ಬೆಸೆಯುತ್ತಿದ್ದ, ಸವೆದ ಚಕ್ರ ಬದಲಿಸುತ್ತಿದ್ದ, ತುಕ್ಕು ಕೆರೆದು ಬಣ್ಣ ಬಳಿಯುತ್ತಿದ್ದ. ಹೊಸದಕ್ಕೆ ಸುರಿಯುವ ದುಡ್ಡು ಉಳಿಯಿತು ಅಂತ ಮಾಲೀಕರಿಗೆ ಖುಷಿ. ತಳ ಸೋರುವುದಿಲ್ಲ, ನೊಣ ಮುತ್ತುವುದಿಲ್ಲ ಅಂತ ಅಕ್ಕಪಕ್ಕದವರಿಗೆ ನೆಮ್ಮದಿ. ಇಬ್ಬರು ಏದುಸಿರು ಬಿಟ್ಟು ತಳ್ಳುತ್ತಿದ್ದದ್ದನ್ನು ಈಗ ಒಬ್ಬರೇ ತಳ್ಳಬಹುದು ಅಂತ ಕೆಲಸದವರಿಗೂ ಹಗುರ. ಇಷ್ಟು ಜನಕ್ಕೆ ಒಳ್ಳೆಯದಾಗುವ ಕೆಲಸ ಮಾಡುವವನ ಜೊತೆ ಮಧ್ಯಾಹ್ನ ಕೂತು ಊಟ ಮಾಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಬೇರೆ ಕೆಲಸವೆಲ್ಲ ಒಬ್ಬನಿಂದ ಆಗುತ್ತದೆ, ನೆಗ್ಗು ತೆಗೆಯುವುದೊಂದು ಆಗುವುದಿಲ್ಲ. ಒಬ್ಬ ತೊಟ್ಟಿಯೊಳಗೆ ಕೂತು ನೆಗ್ಗಿನ ಹೊಟ್ಟೆಗೆ ಭಾರದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು, ಇನ್ನೊಬ್ಬ ಹೊರಗಿನಿಂದ ನೆಗ್ಗಿನ ಅಂಚಿಗೆ ಸುತ್ತಿಗೆ ಬೀಸಬೇಕು. ಆ ಗದ್ದಲದಲ್ಲಿ ಮಾತು ಎಲ್ಲಿ ಕೇಳಿಸಬೇಕು? ಅದಕ್ಕೇ ಅಣ್ಣ ತಮ್ಮ ಇಬ್ಬರೂ ತಟ್ಟುವ ಭಾಷೆ ಮಾಡಿಕೊಂಡಿದ್ದರು. ಹೊರಗಿನಿಂದ ಒಂದು ಸಲ ತಟ್ಟಿದರೆ ‘ಸಿದ್ಧನಾ?’ ಒಳಗಿನಿಂದ ಒಂದು ಸಲ ತಟ್ಟಿದರೆ ‘ಹೂಂ.’ ಎರಡಾದರೆ ‘ಪಕ್ಕಕ್ಕೆ ಹೊಡಿ.’ ಮೂರಾದರೆ ‘ಸಾಕು.’ ಸಾಕು ಅನ್ನುವ ಅಧಿಕಾರ ಒಳಗಿದ್ದವನದೇ, ಏಕೆಂದರೆ ತಗಡು ಸಮವಾದದ್ದು ಮೊದಲು ಗೊತ್ತಾಗುವುದು ಅವನ ಅಂಗೈಗೆ. ಆಮೇಲೂ ಬಡಿದರೆ ತಗಡು ಹಿಗ್ಗಿ ಆಚೆಗೆ ಉಬ್ಬುತ್ತದೆ, ಮತ್ತೆ ಮೊದಲಿನಿಂದ ಕೆಲಸ. ಒಳಗೆ ಕೂರುವುದರಲ್ಲಿ ಅಣ್ಣನದು ಎತ್ತಿದ ಕೈ.

ಅಂಥ ಅಣ್ಣನಿಗೆ ಹೊಸ ತೊಟ್ಟಿ ಮಾರುವ ಅಂಗಡಿಯ ಆಸೆ ಹತ್ತಿತು. “ಯಾರದ್ದೋ ಹಳೇ ತೊಟ್ಟಿಯೊಳಗೆ ಇನ್ನೆಷ್ಟು ದಿನ ಕೂರ್ಲಿ?” ಅಂದ. ಮಾತಿಗೆ ಮಾತು ಬೆಳೆದು ತಮ್ಮ, “ಕಸದ ಜೊತೆ ಕೂತು ಕೂತು ನಿಂಗೂ ಕಸದ ಬುದ್ಧಿ ಬಂದಿದೆ,” ಅಂದುಬಿಟ್ಟ. ಅಣ್ಣ ಕೈತೊಳೆದುಕೊಂಡು ಹೊರಟ. ಎರಡು ಬೀದಿ ಆಚೆ ಅಂಗಡಿ ಹಾಕಿದ. ಎದುರು ಸಿಕ್ಕರೆ ಇಬ್ಬರೂ ಮುಖ ತಿರುಗಿಸುತ್ತಿದ್ದರು. ಹೀಗೇ ವರ್ಷಗಳು ಉರುಳಿದವು.

ಕೂಲಿಗೆ ಕರೆತಂದವರು ಒಂದು ದಿನ ತೊಟ್ಟಿಯೊಳಗೆ ಕೂತರೆ ಮರುದಿನ ಕಾಲ್ಕಿತ್ತರು. ತಮ್ಮ ಒಳಗೆ ಆಳಿನ ಬದಲು ಲಾರಿ ಎತ್ತುವ ಜಾಕು ನಿಲ್ಲಿಸಿ ಹೇಗೋ ಸಾಗಿಸಿದ. ಸುತ್ತಿಗೆ ಎತ್ತುವ ಮುಂಚೆ ರೂಢಿಯಂತೆ ಒಂದು ಸಲ ತಟ್ಟಿ ಕಾಯುತ್ತಿದ್ದ. ಜಾಕು ‘ಹೂಂ’ ಅಂದೀತೇ? ಯಾರಾದರೂ ನೋಡಿದರೇನೋ ಎಂದು ಪೆಚ್ಚಾಗಿ ಸುತ್ತ ಕಣ್ಣಾಡಿಸುತ್ತಿದ್ದ. ಯಾರೂ ನೋಡಿರುತ್ತಿರಲಿಲ್ಲ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಮಲಗಿದರೆ ಕಿವಿಯಲ್ಲಿ ಸುತ್ತಿಗೆಯ ಗುಂಯ್ ಸದ್ದು ಉಳಿದಿರುತ್ತಿತ್ತು. ಅದು ನಿಂತರೆ ಕೋಣೆ ತೀರಾ ಖಾಲಿ ಅನ್ನಿಸುತ್ತಿತ್ತು, ಅದಕ್ಕೇ ಅದು ನಿಲ್ಲದಿರಲಿ ಎಂದುಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಬೇಕರಿಯ ಯಜಮಾನಿ ಅಲ್ಲಿನ ದೊಡ್ಡ ತೊಟ್ಟಿಯನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದರು. ಲಾರಿಯೊಂದು ಹಿಂದಕ್ಕೆ ಬಂದು ಗುದ್ದಿದ್ದರಿಂದ ಅದರ ಒಂದು ಮಗ್ಗುಲು ಪೂರಾ ಒಳಕ್ಕೆ ಹೋಗಿತ್ತು.

“ಇದನ್ನ ಕೊಟ್ಟು ಹೊಸದೇ ತಗೊಳ್ಳೋಣ ಅಂತ ನಿಮ್ಮಣ್ಣನ ಅಂಗಡಿಗೆ ಹೋಗಿದ್ದೆ ಕಣಪ್ಪ,” ಅಂದರು. “ಅವರು ಇದನ್ನ ನೋಡಿ, ‘ಇದರ ತಗಡು ಗಟ್ಟಿ ಇದೆ, ನಾನು ಮಾರೋದು ಇದರರ್ಧ ದಪ್ಪಾನೂ ಇಲ್ಲ, ನನ್ನ ತಮ್ಮನ ಹತ್ರ ತಗೊಂಡ್ಹೋಗಿ’ ಅಂದ್ರು. ವ್ಯಾಪಾರ ಮಾಡೋರ ಮಾತಾ ಅದು?”

ತಮ್ಮ ನೆಗ್ಗು ಸವರುವುದನ್ನು ಬಿಟ್ಟು ತಲೆಯೆತ್ತಿದ. “ನನ್ನ ತಮ್ಮ ಅಂತ ಅಂದ್ರಾ?”

“ಮತ್ತೆ, ಪಕ್ಕದ್ಮನೆಯವರ ತಮ್ಮ ಅಂತಾರಾ?”

ದಿನವೆಲ್ಲ ಜಾಕು ಇಟ್ಟು ಗುದ್ದಾಡಿದ. ಜಪ್ಪಯ್ಯ ಅಂದರೂ ನೆಗ್ಗು ಅಲುಗಲಿಲ್ಲ. ಸಂಜೆ, ಒಲೆ ಹಚ್ಚುವ ಮನಸ್ಸಾಗದೆ, ಅಣ್ಣನ ಅಂಗಡಿಗೆ ಹೋಗಿ ಮೆಟ್ಟಿಲ ಬಳಿ ನಿಂತ. ಒಳಗೆ ಸಾಲಾಗಿ ಹೊಸ ತೊಟ್ಟಿಗಳು, ಒಂದಕ್ಕೂ ಗೀರಿಲ್ಲ. ಅವುಗಳ ನಡುವೆ ಅಣ್ಣ ಒಬ್ಬನೇ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನೂ ಒಂಟಿಯಾಗಿರಬಹುದು ಎಂದು ತಮ್ಮನಿಗೆ ಹೊಳೆದದ್ದು ಆಗಲೇ. ತಪ್ಪಾಯಿತು ಅನ್ನಲು ಬಂದವನ ಬಾಯಿಂದ ಬಂದ ಮಾತೇ ಬೇರೆ.

“ಒಳಗೆ ಕೂರೋಕೆ ಜನ ಇಲ್ಲ.”

ಅಣ್ಣ ಎದ್ದು ಪಕ್ಕದ ತೊಟ್ಟಿಯ ಧೂಳು ಒರೆಸತೊಡಗಿದ. ತಮ್ಮ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಳ್ಳುತ್ತ ವಾಪಸ್ಸಾದ.

ಮರುದಿನ ಅವನು ಶೆಡ್ಡಿನ ಬಾಗಿಲು ತೆಗೆಯುತ್ತಿದ್ದಾಗ ಅಣ್ಣ ಬಂದ. ತಮ್ಮನ ಮುಖ ನೋಡಲಿಲ್ಲ. ಅಂಗಿ ಬಿಚ್ಚಿ ಮೊಳೆಗೆ ತಗುಲಿಹಾಕಿ, ಮೂಲೆಯಲ್ಲಿದ್ದ ಕಬ್ಬಿಣದ ಗಟ್ಟಿಯನ್ನು ಎತ್ತಿಕೊಂಡು, ಮಂಡಿನೋವಿಗೆ ಮುಲುಗುತ್ತ ತೊಟ್ಟಿಯೊಳಗೆ ಇಳಿದ. ತಮ್ಮ ಒಂದು ಸಲ ತಟ್ಟಿದ. ಒಳಗಿನಿಂದ ಒಂದು ತಟ್ಟು ಬಂತು. ತಮ್ಮನ ಕಣ್ಣು ಮಂಜಾಗಿ ಮೊದಲ ಏಟೇ ಗುರಿ ತಪ್ಪಿತು.

ಮಧ್ಯಾಹ್ನದವರೆಗೂ ಮಾತಿಲ್ಲ, ಬರೀ ತಟ್ಟು. ನೆಗ್ಗು ಮೆಲ್ಲಗೆ ಮೇಲೆದ್ದು ಸಮವಾಯಿತು. ತಮ್ಮನಿಗೆ ಅದು ಕಾಣುತ್ತಿತ್ತು. ಇನ್ನೇನು ಮೂರು ತಟ್ಟು ಬರುತ್ತದೆ, ಅಣ್ಣ ಅಂಗಿ ಹಾಕಿಕೊಂಡು ಹೋಗುತ್ತಾನೆ, ಆಮೇಲೆ ಮತ್ತೆ ಅದೇ ಜಾಕು. ಸುತ್ತಿಗೆ ನಿಲ್ಲಿಸಲು ಅವನಿಗೆ ಧೈರ್ಯವಾಗಲಿಲ್ಲ. ಬಡಿಯುತ್ತಲೇ ಹೋದ. ಒಳಗಿನಿಂದ ಆ ಮೂರು ತಟ್ಟು ಬರಲೇ ಇಲ್ಲ.

ಕೊನೆಗೆ ಕೈ ಸೋತು ಅವನೇ ನಿಲ್ಲಿಸಿದ. ಅಣ್ಣ ಹೊರಗೆ ಬಂದು ತಗಡಿನ ಮೇಲೆ ಕೈಯಾಡಿಸಿದ. ಬೇಕರಿಯ ಬನ್ನಿನ ಹಾಗೆ ಉಬ್ಬಿತ್ತು.

“ಉಬ್ಬಿಸಿಬಿಟ್ಟೆಯಲ್ಲೋ,” ಅಂದ.

“ಸಾಕು ಅಂತ ನೀನ್ಯಾಕೆ ತಟ್ಟಲಿಲ್ಲ?”

ಅಣ್ಣ ಅಂಗಿ ಕೊಡವಿ ಹಾಕಿಕೊಂಡ. ಗುಂಡಿ ಹಾಕುವುದಕ್ಕೇ ಬಹಳ ಹೊತ್ತು ಹಿಡಿಯಿತು.

“ನಾಳೆ ಬೇಗ ಶುರು ಮಾಡೋಣ,” ಅಂದ. “ಬಿಸಿಲೇರಿದ್ರೆ ಒಳಗೆ ಕೂರೋಕಾಗಲ್ಲ.”